ಕಾಸು ಕೊಟ್ಟ ಆಟಕ್ಕೆ ಸರ್ವರ್‌ನ ಅಪ್ಪಣೆ ಏಕೆ?

2025ರ ಅಕ್ಟೋಬರ್ 1ರಂದು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಗೇಮ್ ಪಾಸ್ ಎಂಬ ಆಟಗಳ ಚಂದಾ ಸೇವೆಯನ್ನು ಹೊಸದಾಗಿ ವಿಂಗಡಿಸಿತು. ಭಾರತದಲ್ಲಿ ಹೊಸದಾಗಿ ಸೇರುವವರಿಗೆ ಅಲ್ಟಿಮೇಟ್ ಚಂದಾ ತಿಂಗಳಿಗೆ 829 ರೂಪಾಯಿಯಿಂದ 1,389 ರೂಪಾಯಿಗೆ ಏರಿತು. ನವೆಂಬರ್‌ನಲ್ಲಿ ಕ್ಲೌಡ್ ಗೇಮಿಂಗ್ ಭಾರತಕ್ಕೂ ಬಂತು: ಆಟ ನಡೆಯುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ಮನೆಯ ಪರದೆಗೆ ಬರುವುದು ಚಿತ್ರ ಮಾತ್ರ. ಸೋನಿಯೂ ಸುಮ್ಮನಿಲ್ಲ. 2026ರ ಜನವರಿಯಿಂದ ಪ್ಲೇಸ್ಟೇಷನ್ ಪ್ಲಸ್‌ನ ತಿಂಗಳ ಕೊಡುಗೆಯಲ್ಲಿ ಪಿಎಸ್4 ಆಟಗಳಿಗೆ ಮೊದಲಿನ ಸ್ಥಾನ ಇರುವುದಿಲ್ಲ ಎಂದು ಸುಮಾರು ಒಂದು ವರ್ಷ ಮುಂಚೆಯೇ ಹೇಳಿತ್ತು. ಇವೆಲ್ಲ 'ಸುಧಾರಣೆ' ಎಂಬ ಹೆಸರಿನಲ್ಲೇ ಬರುತ್ತವೆ. ಆದರೆ ಒಂದೊಂದು ಸುಧಾರಣೆಯೂ ಆಟವನ್ನು ಮನೆಯಿಂದ ಒಂದು ಹೆಜ್ಜೆ ಆಚೆಗೆ ಒಯ್ಯುತ್ತಿದೆ. ಇದರ ಪೆಟ್ಟು ಮೊದಲು ಬೀಳುವುದು ಶ್ರೀಮಂಗಲದಂಥ ಊರುಗಳಿಗೆ.

ದಕ್ಷಿಣ ಕೊಡಗಿನ ಶ್ರೀಮಂಗಲ, ಬಿರುನಾಣಿ, ಕುಟ್ಟ ಭಾಗದಲ್ಲಿ ಮುಂಗಾರು ಹಿಡಿಯಿತೆಂದರೆ ಕರೆಂಟಿನ ಮಾತು ಕರೆಂಟು ಬಂದಮೇಲೆಯೇ. ತೋಟದೊಳಗೆ ಹಾದುಹೋದ ಲೈನಿನ ಮೇಲೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ, ಲೈನ್‌ಮನ್‌ಗಳು ಮಳೆಯಲ್ಲೇ ನೆನೆಯುತ್ತ ದುರಸ್ತಿ ಮಾಡಬೇಕಾಗುತ್ತದೆ. ಕರೆಂಟಿಲ್ಲದೆ ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಟಿವಿ ಓಡುತ್ತದೆ, ಕನ್ಸೋಲ್ ಓಡುತ್ತದೆ. ನೆಟ್ ಮಾತ್ರ ಇರುವುದಿಲ್ಲ. 2020ರಲ್ಲಿ ಇದೇ ಜಿಲ್ಲೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ದೇಶಕ್ಕೇ ಸುದ್ದಿಯಾಗಿತ್ತು. ಅಂಥ ಜಿಲ್ಲೆಗೆ 10ರಿಂದ 20 ಎಂಬಿಪಿಎಸ್ ವೇಗವನ್ನು ಒಂದೇ ಸಮನೆ ಬೇಡುವ ಕ್ಲೌಡ್ ಆಟವನ್ನು ಮುಂದಿನ ಯುಗವೆಂದು ಮಾರಲಾಗುತ್ತಿದೆ.

ಡೌನ್‌ಲೋಡ್ ಮಾಡಿಟ್ಟುಕೊಂಡರಾಯಿತಲ್ಲ ಎನ್ನಬಹುದು. ಇಂದಿನ ದೊಡ್ಡ ಆಟಗಳು 100 ಜಿಬಿ ದಾಟುತ್ತವೆ. 20 ಎಂಬಿಪಿಎಸ್ ನೆಟ್ ಎಲ್ಲೂ ಕಡಿಯದೆ ಸಿಕ್ಕರೂ 100 ಜಿಬಿ ಇಳಿಯಲು 11 ಗಂಟೆ ಬೇಕು. ಡಿಸ್ಕ್ ಕೊಳ್ಳೋಣವೆಂದರೆ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪಿಎಸ್5ರ ತೆಳು ಮಾದರಿಗೆ ಬಿಡಿಯಾಗಿ ಕೊಂಡ ಡಿಸ್ಕ್ ಡ್ರೈವ್ ಜೋಡಿಸಿದರೆ ಮೊದಲ ಸಲ ಅದು ಇಂಟರ್ನೆಟ್ ಕೇಳುತ್ತದೆ. ಪಿಎಸ್4ರಲ್ಲಿ ಆಟದ ಸೇವ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದಿತ್ತು. ಪಿಎಸ್5 ಆಟಗಳಿಗೆ ಆ ದಾರಿ ಮುಚ್ಚಿದೆ, ಬ್ಯಾಕಪ್ ಬೇಕಾದರೆ ಪ್ಲಸ್ ಚಂದಾ ಕಟ್ಟಿ ಕ್ಲೌಡ್‌ಗೆ ಏರಿಸಬೇಕು. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಮೋಡೆಮ್, ಟಿವಿ ಸುಟ್ಟುಕೊಂಡ ಕೊಡಗಿನವರಿಗೆ, ಕನ್ಸೋಲ್ ಸುಟ್ಟರೆ ಸೇವ್ ಫೈಲೂ ಹೋಗುವುದು ಸಣ್ಣ ವಿಷಯವಲ್ಲ.

ಇದು ತಂತ್ರಜ್ಞಾನದ ಅನಿವಾರ್ಯತೆ ಎಂಬ ವಾದವನ್ನು ಇತಿಹಾಸ ಒಪ್ಪುವುದಿಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಪ್ರಕಟಿಸುವಾಗ, 24 ಗಂಟೆಗೊಮ್ಮೆ ಕನ್ಸೋಲ್ ನೆಟ್‌ಗೆ ಸೇರದಿದ್ದರೆ ಆಟ ನಿಲ್ಲುತ್ತದೆ ಎಂದು ಮೈಕ್ರೋಸಾಫ್ಟ್ ಸಾರಿತ್ತು. ಸಂಪರ್ಕವಿಲ್ಲದವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂದು ಅದರ ಹಿರಿಯ ಅಧಿಕಾರಿಯೇ ಉತ್ತರಿಸಿದ್ದರು. ಆಟಗಾರರು ತಿರುಗಿಬಿದ್ದರು, ಜೂನ್ 19ರಂದು ಕಂಪನಿ ನಿಯಮವನ್ನೇ ಕೈಬಿಟ್ಟಿತು.

ಪಿಎಸ್4ರ ಕಥೆ ಇನ್ನೂ ಸೂಕ್ಷ್ಮ. ಅದರೊಳಗೆ ಗಡಿಯಾರ ಓಡಿಸಲು ನಾಣ್ಯದಾಕಾರದ ಒಂದು ಬ್ಯಾಟರಿ ಇದೆ. ಟ್ರೋಫಿ ಗೆದ್ದ ಹೊತ್ತನ್ನು ದಾಖಲಿಸಲು ಕನ್ಸೋಲ್ ಆ ಗಡಿಯಾರವನ್ನೇ ನೆಚ್ಚಿತ್ತು. ಬ್ಯಾಟರಿ ಸತ್ತು ಸೋನಿಯ ಸರ್ವರ್ ಕೂಡ ಸಿಗದೆ ಹೋದರೆ, ಕೈಯಲ್ಲಿರುವ ಡಿಸ್ಕ್ ಹಾಕಿದರೂ ಆಟ ತೆರೆಯುತ್ತಿರಲಿಲ್ಲ. 2021ರಲ್ಲಿ ಆಟಗಳ ಸಂರಕ್ಷಣೆಗೆ ದುಡಿಯುವವರು ಇದನ್ನು ಬಯಲಿಗೆಳೆದು ಗದ್ದಲ ಎಬ್ಬಿಸಿದ ಮೇಲೆ, ಅದೇ ವರ್ಷದ ಸೆಪ್ಟೆಂಬರ್‌ನ 9.00 ಅಪ್‌ಡೇಟ್‌ನಲ್ಲಿ ಸೋನಿ ಸದ್ದಿಲ್ಲದೆ ಸರಿಪಡಿಸಿತು. ಅಂದರೆ ಸರಿಪಡಿಸುವುದು ಸಾಧ್ಯವಿತ್ತು, ಒಂದೇ ಅಪ್‌ಡೇಟ್‌ನಲ್ಲಿ ಸಾಧ್ಯವಿತ್ತು. ನೆಟ್ಟಿಲ್ಲದವನ ಪಾಡನ್ನು ಯಾರಾದರೂ ಕೂಗಿ ಹೇಳಬೇಕಿತ್ತು, ಅಷ್ಟೇ.

ಕಂಪನಿಗಳ ಪರ ಹೇಳುವವರ ಮುಖ್ಯ ಮಾತು ಕಳ್ಳಪ್ರತಿ. ಪರವಾನಗಿ ತಪಾಸಣೆ ಇಲ್ಲದಿದ್ದರೆ ವ್ಯಾಪಾರ ಮುಳುಗುತ್ತದೆ ಎನ್ನುತ್ತಾರೆ. ಆದರೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2008ರಲ್ಲಿ ಆರಂಭಿಸಿದ ಜಿಒಜಿ ಮಳಿಗೆ ಅಂದಿನಿಂದ ಇಂಥ ತಪಾಸಣೆಯ ಬೀಗವಿಲ್ಲದ ಪಿಸಿ ಆಟಗಳನ್ನೇ ಮಾರುತ್ತಿದೆ. ಸಿಡಿ ಪ್ರಾಜೆಕ್ಟ್‌ನ 'ದಿ ವಿಚರ್ 3' ಅಲ್ಲಿ ಬೀಗವಿಲ್ಲದೆಯೇ ಸಿಗುತ್ತದೆ. ಎಲ್ಲ ಕಡೆಯ ಮಾರಾಟ ಸೇರಿ ಆ ಆಟ 5 ಕೋಟಿ ಪ್ರತಿ ದಾಟಿದೆ. ಇನ್ನು, ಬೇರೆಯವರೊಂದಿಗೆ ಆಡುವ ಪಂದ್ಯಕ್ಕೆ ನೆಟ್ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು ಒಬ್ಬನೇ ಕೂತು ಆಡುವ ಆಟದ್ದು.

ಅಂಥ ಆಟವೂ ಸರ್ವರ್‌ನ ಜೊತೆಗೇ ಸಾಯಬಹುದು. ಯೂಬಿಸಾಫ್ಟ್‌ನ 'ದಿ ಕ್ರೂ' 2024ರ ಮಾರ್ಚ್ 31ರಂದು ಸರ್ವರ್ ಮುಚ್ಚುತ್ತಲೇ ನಿಂತುಹೋಯಿತು, ಡಿಸ್ಕ್ ಕೊಂಡವರಿಗೂ. ಅದರ ಸಿಟ್ಟಿನಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಮಾರುತ್ತಿರುವುದು ಬರೀ ಪರವಾನಗಿಯಾದರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಲೇಬೇಕು.

ನಮ್ಮಲ್ಲಿ? ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನಿನ ಕಣ್ಣೂ ಹಣದ ಆಟದ ಮೇಲೆಯೇ. ಜೂಜಿನಿಂದ ಹಾಳಾದ ಮನೆಗಳನ್ನು ನೋಡಿದವರು ಆ ಕಾಳಜಿಯನ್ನು ಹಗುರವಾಗಿ ಕಾಣಲಾರರು. ಆದರೆ ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಆಟ ಕೊಂಡವನ ಹಕ್ಕಿನ ಚರ್ಚೆಯೇ ಈ ನಾಲ್ಕು ವರ್ಷಗಳ ಗಲಾಟೆಯಲ್ಲಿ ನಡೆಯಲಿಲ್ಲ.

ನಿಯಮವಿದ್ದರೆ ಕಂಪನಿಗಳು ಬಗ್ಗುತ್ತವೆ. 2025ರ ಅಕ್ಟೋಬರ್‌ನ ಗೇಮ್ ಪಾಸ್ ದರ ಏರಿಕೆಯಲ್ಲೇ ಭಾರತ, ಜರ್ಮನಿ, ದಕ್ಷಿಣ ಕೊರಿಯಾ ಮುಂತಾದ ಕೆಲವು ದೇಶಗಳ ಹಳೆಯ ಚಂದಾದಾರರಿಗೆ ಸ್ಥಳೀಯ ನಿಯಮಗಳ ಕಾರಣಕ್ಕೆ ಆಗ ಹಳೆಯ ದರವೇ ಉಳಿಯಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿದ 13 ವಂಚಕ ವಿನ್ಯಾಸಗಳಲ್ಲಿ ಚಂದಾ ಬಲೆಯೂ ಒಂದು. ಆ ಮಾರ್ಗಸೂಚಿ ಇನ್ನಷ್ಟು ಮುಂದೆ ಹೋಗಬೇಕು: ಒಂಟಿ ಆಟ ನೆಟ್ಟಿಲ್ಲದೆ ಎಷ್ಟು ದಿನ ನಡೆಯುತ್ತದೆಂದು ಡಬ್ಬಿಯ ಮೇಲೆ, ಮಾರುವ ಪುಟದ ಮೇಲೆ ಬರೆಯಬೇಕು, ಸೇವ್ ಫೈಲ್ ಗ್ರಾಹಕನ ಕೈಗೆ ಸಿಗಬೇಕು, ಸರ್ವರ್ ಮುಚ್ಚುವ ಮೊದಲು ನೆಟ್ಟಿಲ್ಲದೆ ಆಡುವ ಕೊನೆಯ ಅಪ್‌ಡೇಟ್ ಕೊಡಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಂಡದ್ದರ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಎಲ್ಲೇ ಇರಲಿ, ಶ್ರೀಮಂಗಲದ ಆಟಗಾರ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಿಲ್ಲು ಮತ್ತು ಪರದೆಯ ಮೇಲೆ ಬಂದ ದೋಷಸಂದೇಶದ ಫೋಟೊ ಸಮೇತ ಅರ್ಜಿ ಹಾಕಬಹುದು.