ಟೈನೋ ಜನ ನಿರ್ನಾಮವಾದರೇ?

ಗಾಳಿಗೆ ಆರದಂತೆ ಗಾಜಿನ ಬುರುಡೆ ತೊಡಿಸಿದ ದೀಪವನ್ನು ನಮ್ಮ ಹಿರಿಯರು 'ಹರಿಕೇನ್ ಲಾಂದ್ರ' ಎನ್ನುತ್ತಿದ್ದರು. ಬಿರುಗಾಳಿಯನ್ನು ಸೂಚಿಸುವ ಈ 'ಹರಿಕೇನ್' ಕೆರಿಬಿಯನ್ ದ್ವೀಪಗಳ ಟೈನೋ ಜನರ ಮಾತು. ಸ್ಪ್ಯಾನಿಷ್ ಭಾಷೆಯ ಮೂಲಕ ಇಂಗ್ಲಿಷಿಗೂ ಅಲ್ಲಿಂದ ನಮ್ಮ ಮನೆಗಳಿಗೂ ಬಂದಿತು. 1492ರಲ್ಲಿ ಕೊಲಂಬಸನನ್ನು ಮೊದಲು ಎದುರುಗೊಂಡವರು ಇವರೇ. ರೋಗ, ಯುದ್ಧ, ಚಿನ್ನದ ಗಣಿಗಳ ಬಲವಂತದ ದುಡಿಮೆ ಇವುಗಳಿಂದ ಕೆಲವೇ ದಶಕಗಳಲ್ಲಿ ಅವರ ಸಂಖ್ಯೆ ಘೋರವಾಗಿ ಕುಸಿಯಿತು. ಟೈನೋ ಜನ ನಿರ್ನಾಮವಾದರೆಂದು ಗ್ರಂಥಗಳು ಸಾರಿದವು. ಈ ತೀರ್ಪನ್ನು ತಿದ್ದಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಅವರ ಕಲೆಯನ್ನು ನೋಡೋಣ. ದೇವತೆಗಳೂ ಪೂರ್ವಿಕರೂ ನೆಲಸುವರೆಂದು ನಂಬಿದ 'ಸೆಮಿ' ಎಂಬ ವಿಗ್ರಹಗಳನ್ನು ಅವರು ಕಬ್ಬಿಣದ ಉಳಿಯ ನೆರವಿಲ್ಲದೆಯೇ ಕಲ್ಲು, ಮರ, ಚಿಪ್ಪುಗಳಲ್ಲಿ ಕೆತ್ತುತ್ತಿದ್ದರು, ಹತ್ತಿಯಲ್ಲಿಯೂ ಹೆಣೆಯುತ್ತಿದ್ದರು. ರೋಮ್ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ 16ನೆಯ ಶತಮಾನದ ಆರಂಭದ ಒಂದು ಸೆಮಿ ಇದೆ. ಅದರಲ್ಲಿ ಚಿಪ್ಪಿನ ಮಣಿಗಳೊಡನೆ ಯೂರೋಪಿನ ಕನ್ನಡಿಯೂ ಆಫ್ರಿಕದ ಖಡ್ಗಮೃಗದ ಕೊಂಬೂ ಸೇರಿವೆ. ಪರದೇಶದ ವಸ್ತುವನ್ನು ತನ್ನ ದೇವರಿಗೆ ಅಳವಡಿಸಿದ ಆ ಕಲೆಗಾರನ ಸಂಸ್ಕೃತಿ ಮಾರ್ಪಡುತ್ತಿತ್ತೇ ಹೊರತು ಸತ್ತಿರಲಿಲ್ಲ.

ಜೀವವಿಜ್ಞಾನವೂ ಇದೇ ದಿಕ್ಕನ್ನು ತೋರಿಸುತ್ತದೆ. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿ.ಎನ್.ಎ.ಯನ್ನು ಪೋರ್ಟೊರಿಕೊದ ನಿವಾಸಿಗಳಲ್ಲಿ ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 61 ಮಂದಿಯಲ್ಲಿ ಅದು ಅಮೆರಿಕದ ಮೂಲನಿವಾಸಿಗಳದ್ದೆಂದು ಕಂಡುಬಂದಿತು. ಬಹಾಮಾ ದ್ವೀಪಗಳ ಗುಹೆಯೊಂದರಲ್ಲಿ ದೊರೆತ, ಸುಮಾರು 1000 ವರ್ಷ ಹಳೆಯ ಹಲ್ಲಿನ ಜೀನೋಮನ್ನು 2018ರಲ್ಲಿ ಪ್ರಕಟಿಸಿದ ವಿಜ್ಞಾನಿಗಳು, ಇಂದಿನ ಪೋರ್ಟೊರಿಕೊ ಜನರಲ್ಲಿರುವ ಮೂಲನಿವಾಸಿ ಅಂಶಕ್ಕೂ ಅದಕ್ಕೂ ನಿಕಟ ಸಂಬಂಧವನ್ನು ಕಂಡರು. ಮಿಶ್ರಕುಟುಂಬಗಳ ಮಕ್ಕಳನ್ನು ದಾಖಲೆಗಳು ಬೇರೆ ಹೆಸರಿನಿಂದ ಎಣಿಸಿದ್ದವು; ಪಟ್ಟಿಯಿಂದ ಹೆಸರು ಅಳಿದಂತೆ ಜನರೂ ಅಳಿದರೆಂದು ಭಾವಿಸಲಾಯಿತು.

ಡಿ.ಎನ್.ಎ. ಉಳಿದ ಮಾತ್ರಕ್ಕೆ ಸಂಸ್ಕೃತಿ ಉಳಿಯಿತೇ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಟೈನೋ ಭಾಷೆ ಇಂದು ಬಿಡಿ ಪದಗಳಲ್ಲಷ್ಟೇ ಉಳಿದಿದೆ. ಆ ನಷ್ಟ ದೊಡ್ಡದು. ಆದರೆ ಮರಗೆಣಸನ್ನು ತುರಿದು, ಹಿಂಡಿ ವಿಷರಸವನ್ನು ತೆಗೆದು, ಕಾದ ಹೆಂಚಿನ ಮೇಲೆ ಬೇಯಿಸುವ 'ಕಸಾಬೆ' ರೊಟ್ಟಿ ಕ್ಯೂಬಾದಲ್ಲಿಯೂ ಡೊಮಿನಿಕನ್ ಗಣರಾಜ್ಯದಲ್ಲಿಯೂ ಇಂದಿಗೂ ಆಹಾರವಾಗಿದೆ. ತಾವು ಟೈನೋಗಳೆಂದೇ ಹೇಳಿಕೊಳ್ಳುವ ಜನರೂ ಇದ್ದಾರೆ.

ಒಂದು ಜನಾಂಗವನ್ನು 'ನಿರ್ನಾಮವಾಯಿತು' ಎಂದು ಬರೆಯುವ ಮೊದಲು, ಯಾವ ಅಳತೆಯಿಂದ ಎಂದು ಕೇಳುವುದು ವಿದ್ಯಾರ್ಥಿಗಳ ಕರ್ತವ್ಯ. ಬದುಕಿರುವವರನ್ನು ಸತ್ತವರ ಪಟ್ಟಿಗೆ ಸೇರಿಸುವುದು ಲೆಕ್ಕದ ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು.