ತೊಟ್ಟಿಲ ಮಗುವಿಗೆ ಯಾಕೆ ಕತ್ತರಿ?

ನಮ್ಮೂರಲ್ಲಿ ಹೆರಿಗೆ ಆಯ್ತು ಅಂದ ಕೂಡಲೇ ಬರೋದು ಒಂದೇ ಪ್ರಶ್ನೆ: "ಗಂಡೋ, ಹೆಣ್ಣೋ?" ಕೆಲವು ವರ್ಷಗಳ ಹಿಂದೆ ನನ್ನ ಸಂಬಂಧಿಕರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮಗುವಿನ ಜನನಾಂಗ ನೋಡಿ ಹೇಳೋಕಾಗ್ತಿಲ್ಲ ಅಂದ್ರು ಡಾಕ್ಟ್ರು. ಯಾರ ಮನೆ ಅಂತ ನಾನು ಹೇಳಲ್ಲ. ಹೇಳೋ ಹಕ್ಕು ಆ ಮಗುವಿನದು.

ಸ್ವಲ್ಪ ದಿನಕ್ಕೆ ಮಗುವಿನ ಅಪ್ಪ ಫೋನ್ ಮಾಡಿದ. "ಅಣ್ಣಾ, ಆಪರೇಷನ್ ಮಾಡಿ ಸರಿ ಮಾಡ್ತಾರಂತೆ. ಊರಿಗೆ ಗೊತ್ತಾಗೋ ಮುಂಚೆ ಮುಗಿಸ್ಬಿಡೋಣ. ದುಡ್ಡು ಹೊಂದಿಸ್ಕೊಡು." ಮನೆತನದಲ್ಲಿ ಸಾಫ್ಟ್‌ವೇರ್ ಸಂಬಳ ತಗೊಳ್ಳೋನು ನಾನೊಬ್ಬನೇ. ರಜಾ ಹಾಕಿ ಹೋದೆ. ಡಾಕ್ಟರನ್ನೇ ಕೇಳಿದೆ: "ಈಗ ಮಾಡದಿದ್ರೆ ಮಗುಗೆ ಏನಾಗುತ್ತೆ ಸರ್?"

"ಮಗುಗೆ ಏನೂ ಆಗಲ್ಲ. ಆದ್ರೆ ಜನ ಏನಂತಾರೆ, ಯೋಚ್ನೆ ಮಾಡಿ."

ಅಲ್ಲಾ ಸ್ವಾಮಿ, ಜನರ ಬಾಯಿ ಮುಚ್ಚಿಸೋಕೆ ಮಗುವಿನ ಮೈಗೆ ಹೊಲಿಗೆ ಹಾಕೋದಾ?

ನಾನು ವೈದ್ಯರ ವಿರೋಧಿ ಅಲ್ಲ. ಇಂಥ ಮಗು ಹುಟ್ಟಿದಾಗ ತಪಾಸಣೆ ತಕ್ಷಣ ಆಗಲೇಬೇಕು. ಅಡ್ರಿನಲ್ ಗ್ರಂಥಿಯ ಹುಟ್ಟುದೋಷವೊಂದಿದೆ, ಸಿಎಎಚ್ ಅಂತಾರೆ. ಅದರ ತೀವ್ರ ರೂಪದಲ್ಲಿ ದೇಹ ಉಪ್ಪಿನಂಶ ಕಳ್ಕೊಳ್ಳುತ್ತೆ. ಮೊದಲ ಕೆಲವು ವಾರಗಳಲ್ಲೇ ವಾಂತಿಯಾಗಿ, ನಿರ್ಜಲೀಕರಣವಾಗಿ ಮಗು ಸಾಯಬಹುದು. ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತೆ, ಹೈಡ್ರೊಕಾರ್ಟಿಸೋನ್‌ನಂಥ ಔಷಧಿ ಮಗುವನ್ನು ಉಳಿಸುತ್ತೆ. ತುರ್ತು ಅಂದ್ರೆ ಇದು. ಮೂತ್ರ ಕಟ್ಟಿಕೊಂಡಿದ್ರೆ ಆಪರೇಷನ್ನೂ ಮಾಡಿ, ಬೇಡ ಅಂದೋರ್ಯಾರು? ಆದ್ರೆ ನೋಡೋಕೆ ಸರಿಯಿಲ್ಲ ಅಂತ ಕತ್ತರಿಸೋದು ತುರ್ತು ಅಲ್ಲ. ಆ ಗಾಯದಿಂದ ಸ್ಪರ್ಶಜ್ಞಾನ ಹೋಗಬಹುದು, ಮತ್ತೆ ಮತ್ತೆ ಆಪರೇಷನ್ ಬೇಕಾಗಬಹುದು. ವೃಷಣ ಅಥವಾ ಅಂಡಾಶಯ ತೆಗೆದರೆ ಜೀವನಪೂರ್ತಿ ಹಾರ್ಮೋನ್ ತಗೋಬೇಕು.

ನಮ್ಮ ಆಫೀಸುಗಳಲ್ಲಿ ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ಸಣ್ಣದೊಂದು ಬದಲಾವಣೆಯನ್ನೂ ಪ್ರೊಡಕ್ಷನ್‌ಗೆ ಬಿಡಲ್ಲ. ಇಲ್ಲಿ ಮಾತು ಬಾರದ ಕೂಸಿನ ಮೇಲೆ, ವಾಪಸ್ ತರೋಕಾಗದ ಕೆಲಸಕ್ಕೆ ಅಪ್ಪನ ಒಂದು ಸಹಿ ಸಾಕು!

"ಮತ್ತೆ ಮಗುನ ಹೇಗೆ ಬೆಳೆಸೋದು?" ಅಂತೀರಿ. ಗಂಡು ಅಂತಲೋ ಹೆಣ್ಣು ಅಂತಲೋ ಬೆಳೆಸಿ. ಹೆಸರಿಡೋಕೆ, ಲಂಗ ತೊಡಿಸೋಕೆ ಕತ್ತರಿ ಬೇಕಿಲ್ಲ. ನಾಳೆ ಮಗು ಬೇರೆ ಹೇಳಿದರೆ ಹೆಸರು ಬದಲಿಸಬಹುದು, ಬಟ್ಟೆ ಬದಲಿಸಬಹುದು. ಕತ್ತರಿಸಿದ್ದನ್ನು ಮತ್ತೆ ತಂದು ಕೂಡಿಸೋಕಾಗಲ್ಲ.

ಇದು ನನ್ನೊಬ್ಬನ ಹುಚ್ಚು ವಾದ ಅಂದ್ಕೋಬೇಡಿ. ಮಾಲ್ಟಾ ದೇಶ 2015ರಲ್ಲೇ ಇದನ್ನು ಕಾನೂನಿನಿಂದ ತಡೆಯಿತು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್, ಇಂಥ ಶಸ್ತ್ರಚಿಕಿತ್ಸೆಗಳಿಗೆ ತಂದೆತಾಯಿಯ ಒಪ್ಪಿಗೆ ಮಗುವಿನ ಒಪ್ಪಿಗೆ ಆಗಲ್ಲ ಅಂತು. ಅದೇ ವರ್ಷ ತಮಿಳುನಾಡು ಸರ್ಕಾರ, ಪ್ರಾಣಾಪಾಯದ ಸಂದರ್ಭ ಬಿಟ್ಟು ಉಳಿದಂತೆ ನಿಷೇಧದ ಆದೇಶ ಹೊರಡಿಸಿತು. ಕಾವೇರಿ ನೀರಿಗೆ ಅವರ ಜೊತೆ ಜಗಳ ಆಡೋಣ, ಆದ್ರೆ ಈ ಒಂದು ಆದೇಶವನ್ನು ಅವರಿಂದ ಕಲಿಯೋಣ.

ನಾನು ಆಪರೇಷನ್ನಿಗೆ ದುಡ್ಡು ಕೊಡಲಿಲ್ಲ, ಪರೀಕ್ಷೆಗೆ, ಮಾತ್ರೆಗೆ ಕೊಟ್ಟೆ. ಆರು ತಿಂಗಳು ಅವರು ನನ್ನ ಜೊತೆ ಮಾತು ಬಿಟ್ಟಿದ್ರು. ಮಗು ಈಗ ಅಂಗನವಾಡಿಗೆ ಹೋಗ್ತಿದೆ. ಮುಂದೇನು ಅಂತ ಅದು ದೊಡ್ಡದಾದ ಮೇಲೆ ಹೇಳಲಿ.

ನಿಮ್ಮಲ್ಲಿ ಎಷ್ಟೋ ಜನ ನಾಳೆ ಅಪ್ಪ-ಅಮ್ಮ ಆಗೋರು. ಫಾರ್ಮ್ ಮುಂದಿಟ್ಟು ಸಹಿ ಮಾಡಿ ಅಂದಾಗ ಒಂದೇ ಪ್ರಶ್ನೆ ಕೇಳಿ: "ಈಗ ಮಾಡದಿದ್ರೆ ಮಗುಗೆ ಏನಾಗುತ್ತೆ?" ಉತ್ತರದಲ್ಲಿ ಜನರ ಮಾತು ಬಂದರೆ ಪೆನ್ನು ಕೆಳಗಿಡಿ.