ಕಂಬವೇರುವವನ ನಿಷ್ಠೆ, ಕಚೇರಿಯ ಲೆಕ್ಕ

ಮದ್ದೂರು ತಾಲ್ಲೂಕಿನ ಶಿವಪುರವೆಂದೊಡನೆ ನಾಡಿಗೆ ನೆನಪಾಗುವುದು 1938ರ ಏಪ್ರಿಲ್ ತಿಂಗಳ ಧ್ವಜ ಸತ್ಯಾಗ್ರಹ. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನದಲ್ಲಿ, ಸರ್ಕಾರದ ನಿಷೇಧವನ್ನು ಮೀರಿ, ಶಿಂಷಾ ನದಿಯ ದಡದಲ್ಲಿ ತ್ರಿವರ್ಣ ಧ್ವಜ ಏರಿತು. ಅಲ್ಲಿ ನೆರೆದ ರೈತರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ, ಯಾರೂ ಹಾಜರಿ ಪುಸ್ತಕ ಇಟ್ಟಿರಲಿಲ್ಲ. ಆ ಕಾರ್ಯ ತಮ್ಮದೆಂದು ಅವರು ಬಗೆದಿದ್ದರು. ನಿಷ್ಠೆಯೆಂಬುದು ಹುಟ್ಟುವ ಬಗೆ ಇದು. ಅದನ್ನು ಸುತ್ತೋಲೆ ಹೊರಡಿಸಿ ತರಿಸಿಕೊಳ್ಳಲಾಗದು.

ಇದೇ ನದಿ ಕೆಳಗೆ ಸಾಗಿ ಕಾವೇರಿಯನ್ನು ಸೇರುತ್ತದೆ. ಅದೇ ಸೀಮೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೂಲಕ ಹರಿಯಿತು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂದಿತು. 1940ರಲ್ಲಿ ಶಿಂಷಾ ವಿದ್ಯುದಾಗಾರ ಸೇರಿಕೊಂಡಿತು. ಈ ಚರಿತ್ರೆಯನ್ನು ಬರೆದವರು ದಿವಾನರನ್ನೂ ಇಂಜಿನಿಯರರನ್ನೂ ಹೆಸರಿಸಿ ಕೊಂಡಾಡಿದ್ದಾರೆ. ಕಾಡುಗುಡ್ಡಗಳ ನಡುವೆ ಕಂಬ ನೆಟ್ಟವರ, ಮಳೆಯಲ್ಲಿ ತಂತಿ ಕಾಯ್ದವರ ಹೆಸರು ಅದರಲ್ಲಿಲ್ಲ. ಇಂದಿನ ವಿದ್ಯುತ್ ಕಂಪನಿಗಳ ಸಿಬ್ಬಂದಿ ನೀತಿಯೂ ಅದೇ ಮರೆವನ್ನು ಮುಂದುವರಿಸಿದೆ.

1957ರಲ್ಲಿ ರೂಪುಗೊಂಡ ವಿದ್ಯುಚ್ಛಕ್ತಿ ಮಂಡಳಿಯು 1999ರಲ್ಲಿ ಪ್ರಸರಣ ನಿಗಮವಾಯಿತು. 2002ರಲ್ಲಿ ವಿತರಣೆ ಪ್ರತ್ಯೇಕ ಕಂಪನಿಗಳ ಪಾಲಾಯಿತು. ಮಂಡ್ಯ ಜಿಲ್ಲೆ ಈಗ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯಲ್ಲಿದೆ. ಸುಧಾರಣೆಯ ಹೆಸರಿನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಮೀಟರ್ ಓದುವುದು, ಬಿಲ್ ಹಂಚುವುದು, ಹಲವೆಡೆ ಉಪಕೇಂದ್ರದ ಪಾಳಿ ನೋಡುವುದು ಹೊರಗುತ್ತಿಗೆಗೆ ಸರಿದವು. ಊರಿನ ನಿರುದ್ಯೋಗಿ ತರುಣರು ‘ಗ್ರಾಮ ವಿದ್ಯುತ್ ಪ್ರತಿನಿಧಿ’ಗಳಾದರು. ಜನರ ಬೈಗುಳ ಅವರ ಪಾಲಿಗೆ ಬಂದಿತು, ನೌಕರಿಯ ಭದ್ರತೆ ಬರಲಿಲ್ಲ. ‘ಮಾರ್ಗದಾಳು’ ಎಂಬ ಹುದ್ದೆಗೆ ‘ಪವರ್‌ಮ್ಯಾನ್’ ಎಂಬ ಹೊಸ ಹೆಸರು ದೊರೆಯಿತು. ಹೆಸರು ಬದಲಾದ ಮಾತ್ರಕ್ಕೆ ಕೈಗವಸು, ಸುರಕ್ಷಾ ಬೆಲ್ಟು, ಅರ್ಥಿಂಗ್ ರಾಡುಗಳು ತಾವಾಗಿ ಬರುವುದಿಲ್ಲ.

ಇಷ್ಟಾದ ಮೇಲೆ ಕಚೇರಿಗಳಲ್ಲಿ ಕೇಳಿಬರುವ ದೂರು ಒಂದೇ: ‘ಕೆಳಗಿನ ಸಿಬ್ಬಂದಿಗೆ ಬದ್ಧತೆಯಿಲ್ಲ.’ ಈ ದೂರನ್ನು ಪರೀಕ್ಷಿಸದೆ ಒಪ್ಪಲಾಗದು. ಸಂಸ್ಥೆಯ ಬಗೆಗಿನ ಬದ್ಧತೆಯಲ್ಲಿ ಮೂರು ಬಗೆಗಳುಂಟೆಂದು ಮೇಯರ್ ಮತ್ತು ಆ್ಯಲನ್ ಎಂಬ ವಿದ್ವಾಂಸರು 1991ರಲ್ಲಿ ವಿವೇಚಿಸಿದರು. ಒಂದು, ಕೆಲಸದ ಮೇಲಿನ ಒಲವಿನಿಂದ ಬರುವುದು. ಎರಡು, ಬಿಟ್ಟುಹೋದರೆ ನಷ್ಟವೆಂಬ ಅನಿವಾರ್ಯತೆಯಿಂದ ಬರುವುದು. ಮೂರು, ಋಣಪ್ರಜ್ಞೆಯಿಂದ ಬರುವುದು. ಮೊದಲನೆಯದನ್ನು ಬೆಳೆಸುವುದು ತರಬೇತಿ, ನ್ಯಾಯವಾದ ಬಡ್ತಿ, ಮಾತು ಕೇಳುವ ಮೇಲಧಿಕಾರಿ ಮತ್ತು ಜೀವಕ್ಕೆ ಬೆಲೆ ಕೊಡುವ ವ್ಯವಸ್ಥೆ. ಮೂರನೆಯದು, ಸಂಸ್ಥೆ ತನಗಾಗಿ ಏನನ್ನಾದರೂ ಮಾಡಿದೆಯೆಂದು ನೌಕರನಿಗೆ ಅನಿಸಿದಾಗ ಹುಟ್ಟುವುದು. ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾಗುವಲ್ಲಿ, ಒಂದೇ ಕಂಬದ ಮೇಲಿರುವ ಇಬ್ಬರಿಗೆ ಎರಡು ಬಗೆಯ ಸಂಬಳವಿರುವಲ್ಲಿ ಉಳಿಯುವುದು ಅನಿವಾರ್ಯತೆಯೊಂದೇ. ಅನಿವಾರ್ಯತೆಯಿಂದ ಹಾಜರಿ ತುಂಬೀತು. ನಡುರಾತ್ರಿ ಗಾಳಿಮಳೆಯಲ್ಲಿ ಹರಿದ ತಂತಿಯನ್ನು ಹುಡುಕಿ ಹೊರಡುವ ಮನಸ್ಸು ಅದರಿಂದ ಬಾರದು.

ಖಾಯಂ ನೌಕರರೆಲ್ಲ ಶ್ರದ್ಧಾವಂತರೇ ಎಂಬ ಪ್ರಶ್ನೆ ಏಳುವುದು ಸಹಜ. ಅಲ್ಲ. ಭದ್ರತೆಯ ನೆರಳಿನಲ್ಲಿ ಸೋಮಾರಿತನವೂ ಲಂಚವೂ ಬೆಳೆದದ್ದನ್ನು ರೈತರು ಕಂಡಿದ್ದಾರೆ. ಸುಟ್ಟ ಟಿಸಿ ಬದಲಾಗಲು ಕಚೇರಿಗೆ ಅಲೆದ ಕಬ್ಬಿನ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸೋಮಾರಿತನಕ್ಕೆ ಮದ್ದು ಮೇಲ್ವಿಚಾರಣೆಯೂ ಉತ್ತರದಾಯಿತ್ವವೂ ಹೊರತು ಅಭದ್ರತೆಯಲ್ಲ. ಹುಳು ಬಿದ್ದಿತೆಂದು ಗದ್ದೆಯ ಮಣ್ಣನ್ನೇ ಮಾರುವ ರೈತನುಂಟೆ?

ಕಾನೂನಿನ ದಾರಿಯೂ ನೇರವಾಗಿಲ್ಲ. ಕರ್ನಾಟಕ ಸರ್ಕಾರವೇ ಪಕ್ಷಗಾರನಾಗಿದ್ದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾತ್ಕಾಲಿಕ ನೌಕರರಿಗೆ ಖಾಯಮಾತಿಯ ಹಕ್ಕು ತಾನಾಗಿ ಬರುವುದಿಲ್ಲವೆಂದಿತು. ಆ ತೀರ್ಪು ಹಿಂಬಾಗಿಲ ನೇಮಕಾತಿಯನ್ನು ತಡೆಯಲು ಬಂದದ್ದು. ಆಡಳಿತಗಳು ಅದನ್ನು ದುಡಿಸಿಕೊಂಡು ಕೈಬಿಡುವುದಕ್ಕೆ ಗುರಾಣಿ ಮಾಡಿಕೊಂಡವು. ದೀರ್ಘಕಾಲ ದುಡಿದವರ ವಿರುದ್ಧ ಅದನ್ನು ಹೀಗೆ ಬಳಸಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಎಚ್ಚರಿಸಬೇಕಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು ಸಂಸ್ಥೆಯ ಮುಖ್ಯ ಚಟುವಟಿಕೆಯಲ್ಲಿ ಗುತ್ತಿಗೆ ಕೂಡದೆನ್ನುತ್ತದೆ. ಜೊತೆಯಲ್ಲೇ ವಿನಾಯಿತಿಗಳ ಬಾಗಿಲನ್ನೂ ತೆರೆದಿಟ್ಟಿದೆ. ವಿದ್ಯುತ್ ಕಂಪನಿಗೆ ತಂತಿ ಕಾಯುವುದು ಮುಖ್ಯ ಕೆಲಸವಲ್ಲದಿದ್ದರೆ ಮತ್ತಾವುದು ಮುಖ್ಯ?

ಕಾಡು ಉಳಿಸಲು ಹೊರಟ ಮಲೆನಾಡಿನವರಿಗೆ ನೌಕರರ ಗೊಡವೆ ಏಕೆಂದು ಕೆಲವರು ಕೇಳಬಹುದು. ಸಂಬಂಧವಿದೆ, ಅದು ಹತ್ತಿರದ್ದೇ. ಸಡಿಲ ಜೋಡಣೆ, ತಂತಿಗೆ ತಾಗಿದ ಕೊಂಬೆ, ಹೊರೆ ತಾಳದ ಟಿಸಿ, ತಿದ್ದದ ಮೀಟರು: ಇವುಗಳ ಮೂಲಕ ಸೋರಿಹೋಗುವ ಪ್ರತಿ ಯೂನಿಟ್ಟನ್ನೂ ಮತ್ತೆಲ್ಲಿಯೋ ಉತ್ಪಾದಿಸಬೇಕು. ಆ ‘ಮತ್ತೆಲ್ಲಿಯೋ’ ಎಂಬುದು ಪದೇ ಪದೇ ಪಶ್ಚಿಮಘಟ್ಟವೇ ಆಗಿದೆ. ಲಿಂಗನಮಕ್ಕಿಯಲ್ಲಿ ಮುಳುಗಡೆಯಾದವರಿಗೆ ಇದು ಗೊತ್ತು. ಸಿಂಗಳೀಕಗಳ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟುಕೊಂಡು ಕುಳಿತಿರುವವರಿಗೂ ಗೊತ್ತು. ಹಳೆಯ ಜಾಲವನ್ನು ಜೋಪಾನ ಮಾಡುವ ಕೈಗಳಿಗೆ ಹಣವಿಲ್ಲವೆನ್ನುವ ವ್ಯವಸ್ಥೆಗೆ ಸುರಂಗ ಕೊರೆಯಲು ಸಾವಿರಾರು ಕೋಟಿ ಸಿಗುವುದು ಹೇಗೆ? ಜೋತುಬಿದ್ದ ತಂತಿಗೆ ತಾಗಿ ಆನೆ ಸಾಯುವುದಕ್ಕೂ ಮಾರ್ಗ ಪರಿಶೀಲಿಸಬೇಕಾದ ಕೆಲಸಗಾರನಿಲ್ಲದಿರುವುದಕ್ಕೂ ನಂಟಿದೆ.

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ವರ್ಷವಿಡೀ ನಡೆಯುವ ಕೆಲಸಕ್ಕೆ ಖಾಯಂ ಹುದ್ದೆ ಬೇಕು. ಗುತ್ತಿಗೆಯವನಿರಲಿ, ಖಾಯಂ ಆದವನಿರಲಿ, ಕಂಬವೇರುವ ಪ್ರತಿಯೊಬ್ಬನಿಗೂ ಸಮಾನ ತರಬೇತಿ ಮತ್ತು ರಕ್ಷಣಾ ಸಾಮಗ್ರಿ ಬೇಕು. ಲಿಖಿತ ಲೈನ್ ಕ್ಲಿಯರ್ ಇಲ್ಲದೆ ಯಾರನ್ನೂ ತಂತಿ ಮುಟ್ಟಿಸಕೂಡದು. ಹಾಗೆ ಮುಟ್ಟಿಸಿದ ಅಧಿಕಾರಿಯೇ ಹೊಣೆ ಹೊರಬೇಕು. ಆ ಪ್ರದೇಶದ ಕಾಡು, ಹಳ್ಳ, ಕಾಲುದಾರಿಗಳನ್ನು ಬಲ್ಲ ಸ್ಥಳೀಯರಿಗೆ ನೇಮಕಾತಿಯಲ್ಲಿ ಆದ್ಯತೆಯಿರಬೇಕು.

ವಿದ್ಯುತ್ ದರ ನಿಗದಿಗೆ ಮುನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕನೂ ಅಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಕಂಪನಿಗಳ ಅರ್ಜಿಯಲ್ಲಿ ಸೋರಿಕೆಯ ಲೆಕ್ಕವೂ ಅವಘಡಗಳ ಲೆಕ್ಕವೂ ಇರುತ್ತವೆ. ವಿದ್ಯಾರ್ಥಿಗಳು ಆ ಪುಟಗಳನ್ನು ತೆರೆದು ಓದಲಿ, ಖಾಲಿ ಹುದ್ದೆಗಳ ಸಂಖ್ಯೆಯನ್ನು ಕೇಳಿ ಪಡೆದು ಪಕ್ಕದಲ್ಲಿಟ್ಟು ತಾಳೆ ನೋಡಲಿ. ಹಳ್ಳಿಯ ಸಂಘಗಳು ದರ ಏರಿಕೆಯನ್ನು ವಿರೋಧಿಸಿ ಸುಮ್ಮನಾಗದೆ, ಸತ್ತ ಕೆಲಸಗಾರ ಯಾರ ನೌಕರನೆಂದು ಆಯೋಗದ ಎದುರು ಪ್ರಶ್ನಿಸಲಿ. ಆ ಪ್ರಶ್ನೆಗೆ ಕಂಪನಿ ‘ನಮ್ಮವನು’ ಎಂದು ಉತ್ತರಿಸುವ ದಿನ ಬಂದಾಗ, ಬದ್ಧತೆಯಿಲ್ಲವೆಂಬ ದೂರು ಹೇಳುವ ಹಕ್ಕೂ ಅದಕ್ಕೆ ಬಂದೀತು.